ಕಾರಿನ ಕ್ಯಾಬಿನ್ ಫಿಲ್ಟರ್: ಬೆಲೆ ಎಷ್ಟು, ಬಿಲ್ಲು ಏಕೆ ಅಷ್ಟು

ಕಾರಿನೊಳಗೆ ಕುಳಿತವರು ಉಸಿರಾಡುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್, ಭಾರತದ ರಸ್ತೆಗಳಲ್ಲಿ ಹೆಚ್ಚಾಗಿ ಓಡುವ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳ ಮಟ್ಟಿಗೆ, ಸುಮಾರು 200ರಿಂದ 800 ರೂಪಾಯಿಯೊಳಗೆ ದೊರೆಯುವ ವಸ್ತು; ಅದನ್ನು ಬದಲಿಸುವ ಕೆಲಸ ಬಹುಪಾಲು ಕಾರುಗಳಲ್ಲಿ ಹತ್ತು ಹದಿನೈದು ನಿಮಿಷದ್ದು. ಹಾಗಿದ್ದರೂ ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಇದೇ ಕೆಲಸದ ಹೆಸರಿನಲ್ಲಿ 1,500 ಅಥವಾ 2,000 ರೂಪಾಯಿ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಈ ಅಂತರ ಫಿಲ್ಟರಿನ ಗುಣಮಟ್ಟದಿಂದ ಬರುವುದು ಸ್ವಲ್ಪವೇ. ಬಹುಪಾಲು ಬರುವುದು ಅದರ ಜೊತೆಗೆ ಸೇರಿಸಲಾಗುವ ಕೂಲಿ, ತೆರಿಗೆ ಮತ್ತು ಗ್ರಾಹಕ ಕೇಳದೆಯೇ ಪಟ್ಟಿಗೆ ಬರುವ ಇತರ ಸೇವೆಗಳಿಂದ. ಆದ್ದರಿಂದ ಫಿಲ್ಟರ್ ಬದಲಿಸುವ ವೆಚ್ಚವನ್ನು ಅರಿಯಲು ಹೊರಟವರು ಮೊದಲು ಈ ಅಂಶಗಳನ್ನು ಒಂದರಿಂದ ಒಂದು ಬಿಡಿಸಿ ನೋಡಬೇಕಾಗುತ್ತದೆ.

ಕಾರಿನಲ್ಲಿ ಹಲವು ಫಿಲ್ಟರ್‌ಗಳಿರುವುದರಿಂದ ಅಂಗಡಿಯಲ್ಲಿಯೂ ಬಿಲ್ಲಿನಲ್ಲಿಯೂ ಗೊಂದಲ ಉಂಟಾಗುವುದುಂಟು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರ್ ಬಾನೆಟ್ಟಿನ ಕೆಳಗೆ ಕಪ್ಪು ಪೆಟ್ಟಿಗೆಯೊಂದರಲ್ಲಿರುತ್ತದೆ. ಆಯಿಲ್ ಫಿಲ್ಟರ್ ಮತ್ತು ಇಂಧನ ಫಿಲ್ಟರ್‌ಗಳ ಕೆಲಸ ಹೆಸರಿನಲ್ಲಿಯೇ ಸ್ಪಷ್ಟವಾಗಿದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಎಸಿ ಫಿಲ್ಟರ್ ಎಂದೂ ಕೆಲವು ಕಂಪನಿಗಳ ಕೈಪಿಡಿಯಲ್ಲಿ ಪೊಲೆನ್ ಫಿಲ್ಟರ್ ಅಥವಾ ಡಸ್ಟ್ ಫಿಲ್ಟರ್ ಎಂದೂ ಕರೆಯಲ್ಪಡುವ ಕ್ಯಾಬಿನ್ ಫಿಲ್ಟರಿಗೆ ಎಂಜಿನ್ನಿನ ಸಂಬಂಧವೇ ಇಲ್ಲ. ಮುಂಗಾಜಿನ ಬುಡದಲ್ಲಿರುವ ಜಾಲರಿಯ ಮೂಲಕ ಒಳಬರುವ ಹೊರಗಿನ ಗಾಳಿ ಮತ್ತು ರೀಸರ್ಕ್ಯುಲೇಶನ್ ಗುಂಡಿ ಒತ್ತಿದಾಗ ಕಾರಿನೊಳಗೇ ಸುತ್ತುವ ಗಾಳಿ, ಇವೆರಡೂ ಹೆಚ್ಚಿನ ಕಾರುಗಳಲ್ಲಿ ಈ ಫಿಲ್ಟರನ್ನು ದಾಟಿಯೇ ಇವ್ಯಾಪರೇಟರ್ ಎಂಬ ತಂಪು ಸುರುಳಿಯನ್ನು ತಲುಪುತ್ತವೆ. ಇವ್ಯಾಪರೇಟರ್ ಎಂದರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ಒತ್ತಾದ ಜೋಡಣೆ; ಒಳಗಿನ ಶೀತಕ ದ್ರವ ಆವಿಯಾಗುವಾಗ ರೆಕ್ಕೆಗಳು ತಣ್ಣಗಾಗುತ್ತವೆ, ಗಾಳಿಯಲ್ಲಿನ ತೇವ ಅವುಗಳ ಮೇಲೆ ಹನಿಗಟ್ಟುತ್ತದೆ, ಆ ನೀರು ಕೊಳವೆಯ ಮೂಲಕ ಕಾರಿನ ಅಡಿಯಲ್ಲಿ ತೊಟ್ಟಿಕ್ಕುತ್ತದೆ. ಧೂಳು ಈ ಒದ್ದೆ ರೆಕ್ಕೆಗಳ ಮೇಲೆ ಕೂತರೆ ಅಲ್ಲಿ ಶಿಲೀಂಧ್ರ ಬೆಳೆಯಲು ಬೇಕಾದ ಎಲ್ಲವೂ ಒದಗಿದಂತಾಗುತ್ತದೆ. ಎಸಿ ಹಾಕಿದ ಕೂಡಲೇ ಬರುವ ಮುಗ್ಗಲು ವಾಸನೆಯ ಮೂಲ ಹೆಚ್ಚಿನ ಸಂದರ್ಭಗಳಲ್ಲಿ ಇದೇ. ಅಂದರೆ ಫಿಲ್ಟರ್ ಕಾಪಾಡುವುದು ಪ್ರಯಾಣಿಕರ ಶ್ವಾಸಕೋಶವನ್ನು ಮಾತ್ರವಲ್ಲದೆ, ಡ್ಯಾಶ್‌ಬೋರ್ಡನ್ನೇ ಬಿಚ್ಚದೆ ಹೊರತೆಗೆಯಲಾಗದಂತಹ ಒಂದು ದುಬಾರಿ ಬಿಡಿಭಾಗವನ್ನೂ ಹೌದು.

ಮೇಲ್ನೋಟಕ್ಕೆ ಮಡಿಕೆ ಮಡಿಕೆಯಾದ ಕಾಗದದಂತೆ ಕಾಣುವ ಈ ಫಿಲ್ಟರ್ ವಾಸ್ತವವಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಎಳೆಗಳನ್ನು ನೇಯದೆ ಒತ್ತಿ ಮಾಡಿದ ಹಾಳೆ. ಅದರ ಕೆಲಸ ಜರಡಿಯ ಕೆಲಸದಷ್ಟು ಸರಳವಲ್ಲ. ದೊಡ್ಡ ಕಣಗಳು ಗಾಳಿಯ ತಿರುವಿನೊಡನೆ ತಿರುಗಲಾರದೆ ಎಳೆಗಳಿಗೆ ಬಡಿದು ನಿಲ್ಲುತ್ತವೆ. ಅತಿ ಸೂಕ್ಷ್ಮ ಕಣಗಳು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಡ್ಡಾದಿಡ್ಡಿಯಾಗಿ ಚಲಿಸುತ್ತ ಯಾವುದಾದರೊಂದು ಎಳೆಗೆ ಅಂಟಿಕೊಳ್ಳುತ್ತವೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರೋಮೀಟರ್ ಗಾತ್ರದ ಕಣಗಳು ಮಾತ್ರ ಎರಡು ಬಗೆಯಿಂದಲೂ ನುಣುಚಿಕೊಳ್ಳುವುದರಲ್ಲಿ ಮುಂದಿರುತ್ತವೆ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈ ನುಣುಚುವ ಕಣಗಳನ್ನು ಹಿಡಿಯುವ ಸಲುವಾಗಿ ಉತ್ತಮ ಫಿಲ್ಟರ್‌ಗಳ ಎಳೆಗಳಿಗೆ ತಯಾರಿಕೆಯ ಹಂತದಲ್ಲಿಯೇ ಸ್ಥಾಯೀ ವಿದ್ಯುದಾವೇಶ ನೀಡಲಾಗಿರುತ್ತದೆ. ಕಣ್ಣಿಗೆ ಕಾಣದ ಈ ಆವೇಶವೇ ಅಗ್ಗದ ಫಿಲ್ಟರಿಗೂ ಒಳ್ಳೆಯ ಫಿಲ್ಟರಿಗೂ ಇರುವ ನಿಜವಾದ ಅಂತರಗಳಲ್ಲಿ ಒಂದು; ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ ರೀತಿ ಕಾಣುವುದರಿಂದ ಬೆಲೆಯ ವ್ಯತ್ಯಾಸ ಗ್ರಾಹಕರಿಗೆ ಅನ್ಯಾಯವೆಂದು ತೋರುವುದೂ ಸಹಜವೇ.

ಈ ಸಾಮಾನ್ಯ ಬಗೆಯ ಹೊರತಾಗಿ ಎರಡನೆಯ ಬಗೆಯದು ಸಕ್ರಿಯ ಇದ್ದಿಲಿನ ಫಿಲ್ಟರ್, ಮಾರುಕಟ್ಟೆಯ ಮಾತಿನಲ್ಲಿ ಕಾರ್ಬನ್ ಫಿಲ್ಟರ್. ಬಿಳಿಯ ಎಳೆಹಾಳೆಗಳ ನಡುವೆ ಇದ್ದಿಲಿನ ಸಣ್ಣ ಹರಳುಗಳ ಪದರವಿರುವುದರಿಂದ ಇದು ಬೂದು ಬಣ್ಣದ್ದಾಗಿರುತ್ತದೆ. ಇದ್ದಿಲನ್ನು ಹೆಚ್ಚಿನ ಶಾಖದಲ್ಲಿ ಹಬೆಯೊಡನೆ ಸಂಸ್ಕರಿಸಿದಾಗ ಅದರೊಳಗೆ ಅಸಂಖ್ಯ ಸೂಕ್ಷ್ಮ ರಂಧ್ರಗಳು ಮೂಡಿ, ಒಂದು ಗ್ರಾಂ ಇದ್ದಿಲಿನ ಒಳ ಮೇಲ್ಮೈಯೇ ನೂರಾರು ಚದರ ಮೀಟರ್, ಕೆಲವೊಮ್ಮೆ ಸಾವಿರ ಚದರ ಮೀಟರಿಗೂ ಮೀರುತ್ತದೆ. ಹೊಗೆಯ ವಾಸನೆ, ಡೀಸೆಲ್ ಆವಿ, ಮೋರಿಯ ದುರ್ನಾತ ಮುಂತಾದ ಅನಿಲರೂಪದ ವಸ್ತುಗಳು ಈ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ತಿಪಟೂರು, ಅರಸೀಕೆರೆ ಕಡೆಯ ಕೊಬ್ಬರಿ ಸೀಮೆಯವರಿಗೆ ಚಿರಪರಿಚಿತವಾದ ತೆಂಗಿನ ಕರಟವು ಜಗತ್ತಿನಾದ್ಯಂತ ಸಕ್ರಿಯ ಇದ್ದಿಲಿನ ಮುಖ್ಯ ಕಚ್ಚಾವಸ್ತುಗಳಲ್ಲೊಂದು ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಇದ್ದಿಲಿನ ಸಾಮರ್ಥ್ಯಕ್ಕೆ ಮಿತಿಯಿದೆ: ರಂಧ್ರಗಳು ತುಂಬಿದ ಮೇಲೆ ಅದು ವಾಸನೆಯನ್ನು ಹಿಡಿಯುವುದಿಲ್ಲ, ಮತ್ತು ಇಂಗಾಲದ ಮಾನಾಕ್ಸೈಡ್‌ನಂತಹ ಅನಿಲವನ್ನು ಅದು ಹೊಸದಾಗಿದ್ದಾಗಲೂ ತಡೆಯಲಾರದು. ಕಾರ್ಬನ್ ಫಿಲ್ಟರ್ ಇದೆಯೆಂಬ ಧೈರ್ಯದಿಂದ ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಕೂರುವುದು ಪ್ರಾಣಾಪಾಯಕ್ಕೆ ಆಹ್ವಾನ.

ಇತ್ತೀಚಿನ ವರ್ಷಗಳಲ್ಲಿ ಅಲರ್ಜಿನಿರೋಧಕ, ವೈರಾಣುನಿರೋಧಕ, ಹೆಪಾ ಎಂಬ ಹಣೆಪಟ್ಟಿಗಳೂ ಪೆಟ್ಟಿಗೆಗಳ ಮೇಲೆ ಸೇರಿಕೊಂಡಿವೆ. ಹೆಪಾ ಎಂಬ ಹೆಸರಿಗೆ ನಿಶ್ಚಿತ ಅರ್ಥವಿದೆ. ಅಮೆರಿಕದಲ್ಲಿ ರೂಢಿಯಲ್ಲಿರುವ ವ್ಯಾಖ್ಯೆಯ ಪ್ರಕಾರ 0.3 ಮೈಕ್ರೋಮೀಟರ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವ ಫಿಲ್ಟರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಇಷ್ಟು ದಟ್ಟವಾದ ಹಾಳೆಯ ಮೂಲಕ ಗಾಳಿಯನ್ನು ತಳ್ಳಲು ದೊಡ್ಡ ಫಿಲ್ಟರೂ ಬಲವಾದ ಫ್ಯಾನೂ ಬೇಕು. ಸಾಮಾನ್ಯ ಕಾರಿನ ಬ್ಲೋವರ್, ಎಂದರೆ ಗಾಳಿಯನ್ನು ತಳ್ಳುವ ಮೋಟಾರು, ಅದಕ್ಕಾಗಿ ರೂಪಿತವಾದುದಲ್ಲ. ಆದ್ದರಿಂದ ಮೂಲ ಫಿಲ್ಟರಿನ ಗಾತ್ರದಲ್ಲಿಯೇ ಹೆಪಾ ಎಂದು ಮಾರಲಾಗುವ ಅಗ್ಗದ ವಸ್ತುವಿನ ಬಗ್ಗೆ ಸಂಶಯ ತಾಳುವುದೇ ಲೇಸು. ಕ್ಯಾಬಿನ್ ಫಿಲ್ಟರ್‌ಗಳ ಪರೀಕ್ಷೆಗೆ ಐಎಸ್ಒ 11155 ಎಂಬ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡವಿದ್ದು, ಅದರ ಮೊದಲ ಭಾಗ ಕಣಗಳಿಗೂ ಎರಡನೆಯ ಭಾಗ ಅನಿಲಗಳಿಗೂ ಸಂಬಂಧಿಸಿದೆ. ಪೆಟ್ಟಿಗೆಯ ಮೇಲೆ ಈ ಮಾನದಂಡದ ಉಲ್ಲೇಖವಿದ್ದರೆ ಅದು ಬಣ್ಣಬಣ್ಣದ ಜಾಹೀರಾತು ಮಾತುಗಳಿಗಿಂತ ಹೆಚ್ಚು ತೂಕದ್ದು.

ಬೆಲೆಗಳ ವಿಚಾರಕ್ಕೆ ಬಂದರೆ, ಮಾದರಿ ಮತ್ತು ಊರಿನಿಂದ ಊರಿಗೆ ವ್ಯತ್ಯಾಸವಿರುವುದರಿಂದ ಇಲ್ಲಿ ಕೊಡುವ ಅಂಕಿಗಳನ್ನು ಅಂದಾಜಿನ ಹರವು ಎಂದಷ್ಟೇ ತಿಳಿಯಬೇಕು. ಮಾರುತಿ, ಹ್ಯುಂಡೈ, ಟಾಟಾ ಮುಂತಾದ ಕಂಪನಿಗಳ ಸಣ್ಣ ಕಾರುಗಳಿಗೆ ಬಾಷ್, ಪ್ಯೂರೊಲೇಟರ್, ಯುನೋ ಮಿಂಡಾ ಮೊದಲಾದ ತಯಾರಕರ ಸಾಮಾನ್ಯ ಧೂಳು ಫಿಲ್ಟರ್ 200ರಿಂದ 400 ರೂಪಾಯಿಯ ಆಸುಪಾಸಿನಲ್ಲಿಯೂ, ಕಾರು ಕಂಪನಿಯದೇ ಮುದ್ರೆಯಿರುವ ಜೆನ್ಯೂನ್ ಬಿಡಿಭಾಗ 350ರಿಂದ 800ರ ನಡುವೆಯೂ ದೊರೆಯುತ್ತದೆ. ಕಾರ್ಬನ್ ಬಗೆಯದಕ್ಕೆ ಸಾಮಾನ್ಯವಾಗಿ ಇದರ ಒಂದೂವರೆ ಪಟ್ಟಿನಿಂದ ಎರಡೂವರೆ ಪಟ್ಟು ಬೆಲೆ. ದೊಡ್ಡ ಎಸ್‌ಯುವಿಗಳಲ್ಲಿ ಮತ್ತು ಸ್ಕೋಡಾ, ಫೋಕ್ಸ್‌ವ್ಯಾಗನ್‌ನಂತಹ ಐರೋಪ್ಯ ಮೂಲದ ಕಾರುಗಳಲ್ಲಿ 1,000ದಿಂದ 2,000 ರೂಪಾಯಿ ಸಾಮಾನ್ಯ. ಜರ್ಮನಿಯ ಐಷಾರಾಮಿ ಕಾರುಗಳಲ್ಲಿ ಎರಡು ಫಿಲ್ಟರ್‌ಗಳ ಜೋಡಿ ಇರುವುದುಂಟಾದ್ದರಿಂದ ಅಲ್ಲಿ ಮೊತ್ತ ಹಲವು ಸಾವಿರಕ್ಕೆ ಏರುತ್ತದೆ. ಕೂಲಿ ಬಡಾವಣೆಯ ಗ್ಯಾರೇಜಿನಲ್ಲಿ 100 ರೂಪಾಯಿಯೂ ಇರಬಹುದು, ಏನೂ ಇಲ್ಲದೆಯೂ ಇರಬಹುದು; ಅಧಿಕೃತ ಸರ್ವಿಸ್ ಸೆಂಟರಿನಲ್ಲಿ 150ರಿಂದ 500ರವರೆಗೆ ಇರುತ್ತದೆ. ಒಟ್ಟು ಸರ್ವಿಸ್ ಮಾಡಿಸುವಾಗಲೇ ಫಿಲ್ಟರ್ ಬದಲಿಸಿದರೆ ಈ ಕೂಲಿಯನ್ನು ಪ್ರತ್ಯೇಕವಾಗಿ ಹಾಕಲು ಕಾರಣವಿಲ್ಲ ಎಂದು ವಾದಿಸುವ ಹಕ್ಕು ಗ್ರಾಹಕರಿಗೆ ಇದ್ದೇ ಇದೆ, ಮತ್ತು ಕೇಳಿದವರಿಗೆ ಅದು ಹಲವೆಡೆ ಕಡಿತವಾಗುತ್ತದೆ.

ಬಿಲ್ಲನ್ನು ಓದುವ ಕ್ರಮವನ್ನು ಒಂದು ಕಲ್ಪಿತ ಲೆಕ್ಕದ ಮೂಲಕ ವಿವರಿಸಬಹುದು. ಪೆಟ್ಟಿಗೆಯ ಮೇಲೆ ಎಂಆರ್‌ಪಿ 600 ರೂಪಾಯಿ ಎಂದು ಮುದ್ರಿತವಾಗಿರುವ ಫಿಲ್ಟರ್ ಬಿಲ್ಲಿನಲ್ಲಿ 508 ರೂಪಾಯಿ 47 ಪೈಸೆ ಎಂದು ಕಾಣಿಸಿಕೊಂಡು, ಅದರ ಮೇಲೆ ಕೇಂದ್ರ ಮತ್ತು ರಾಜ್ಯದ ಜಿಎಸ್‌ಟಿ ತಲಾ ಶೇ 9ರಂತೆ ಸೇರಿ 600 ಆಗುತ್ತದೆ. ಇದು ಸರಿಯಾದ ಕ್ರಮ. ಏಕೆಂದರೆ ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ಮತ್ತು 2011ರ ಪೊಟ್ಟಣೀಕೃತ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಅದನ್ನು ಮೀರಿ ಮಾರುವಂತಿಲ್ಲ. ಅದೇ ಫಿಲ್ಟರನ್ನು 600 ಎಂದು ಬರೆದು ಮೇಲೆ ಶೇ 18 ಸೇರಿಸಿ 708 ಮಾಡಿದ್ದರೆ ಅದು ತಪ್ಪು, ಪ್ರಶ್ನಿಸಲೇಬೇಕಾದ ತಪ್ಪು. ಕೂಲಿ ಮಾತ್ರ ಸೇವೆಯಾದ್ದರಿಂದ ಅದಕ್ಕೆ ಎಂಆರ್‌ಪಿ ಇಲ್ಲ, ತೆರಿಗೆ ಪ್ರತ್ಯೇಕವಾಗಿ ಸೇರುತ್ತದೆ: 250 ರೂಪಾಯಿ ಕೂಲಿಗೆ 45 ರೂಪಾಯಿ. ಇಲ್ಲಿಗೆ ಒಟ್ಟು 895. ಇದರ ಜೊತೆಗೆ ಎಸಿ ಟ್ರೀಟ್‌ಮೆಂಟ್, ಡಿಸ್ಇನ್ಫೆಕ್ಟೆಂಟ್, ಇವ್ಯಾಪರೇಟರ್ ಕ್ಲೀನಿಂಗ್ ಎಂಬಂತಹ ಹೆಸರಿನ 900 ರೂಪಾಯಿಯ ಬಾಬತ್ತು ಸೇರಿದರೆ, ಅದರ ತೆರಿಗೆ 162 ರೂಪಾಯಿಯನ್ನೂ ಕೂಡಿ ಮೊತ್ತ 1,957 ಆಗುತ್ತದೆ. ಫಿಲ್ಟರ್ ಬದಲಿಸಲು ಎಂದು ಒಪ್ಪಿಕೊಂಡ ಕೆಲಸದ ಬಿಲ್ಲಿನಲ್ಲಿ ಫಿಲ್ಟರಿನ ಪಾಲು ಮೂರನೇ ಒಂದು ಭಾಗಕ್ಕೂ ಕಡಿಮೆ.

ಈ ಹೆಚ್ಚುವರಿ ಸೇವೆಗಳೆಲ್ಲ ನಿರರ್ಥಕವೆಂದು ಹೇಳಲಾಗದು. ಮುಗ್ಗಲು ವಾಸನೆ ಈಗಾಗಲೇ ಹಿಡಿದಿದ್ದರೆ, ಇವ್ಯಾಪರೇಟರಿನ ಮೇಲೆ ನೊರೆಯನ್ನು ನೇರವಾಗಿ ಸಿಂಪಡಿಸಿ ತೊಳೆಯುವ ಕೆಲಸಕ್ಕೆ ಅರ್ಥವಿದೆ. ಹೊಸ ಫಿಲ್ಟರೊಂದೇ ಆ ವಾಸನೆಯನ್ನು ಹೋಗಲಾಡಿಸದು. ಆದರೆ ವಾಸನೆಯೂ ಇಲ್ಲದ, ತಂಪೂ ಕಡಿಮೆಯಾಗದ ಕಾರಿಗೆ ಪ್ರತಿ ಸರ್ವಿಸ್‌ನಲ್ಲಿಯೂ ಇದನ್ನು ಮಾಡಿಸುವುದು, ಅಥವಾ ಗಾಳಿಕಿಂಡಿಗಳೊಳಗೆ ಸುಗಂಧದ ಸ್ಪ್ರೇ ಹೊಡೆದದ್ದನ್ನೇ ಟ್ರೀಟ್‌ಮೆಂಟ್ ಎಂದು ಒಪ್ಪಿಕೊಳ್ಳುವುದು, ಹಣವನ್ನು ಕೈಯಾರೆ ಬಿಸಾಡಿದಂತೆ. ಕೆಲಸ ಆರಂಭಿಸುವ ಮೊದಲು ಜಾಬ್ ಕಾರ್ಡ್, ಎಂದರೆ ಮಾಡಬೇಕಾದ ಕೆಲಸಗಳನ್ನೂ ಅಂದಾಜು ವೆಚ್ಚವನ್ನೂ ಬರೆದು ಗ್ರಾಹಕರ ಸಹಿ ಪಡೆಯುವ ಹಾಳೆ, ಸಿದ್ಧವಾಗುತ್ತದೆ. ಅನಗತ್ಯ ಬಾಬತ್ತನ್ನು ಹೊಡೆದುಹಾಕಿಸಬೇಕಾದ ಸಮಯ ಅದೇ, ಬಿಲ್ಲು ಬಂದ ಮೇಲೆ ಅಲ್ಲ. ಬದಲಿಸಿದ ಹಳೆಯ ಫಿಲ್ಟರನ್ನು ತೋರಿಸುವಂತೆ ಅಲ್ಲಿಯೇ ಬರೆಸಿಟ್ಟರೆ ಇನ್ನೂ ಒಳ್ಳೆಯದು. ಬಿಲ್ಲನ್ನೇ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದಾಗಿದ್ದು, ದೂರು ನೀಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹೊರಗಡೆ ಕೊಂಡ ಫಿಲ್ಟರ್ ಹಾಕಿದರೆ ವಾರಂಟಿ ರದ್ದಾಗುತ್ತದೆ ಎಂಬ ಎಚ್ಚರಿಕೆ ಸರ್ವಿಸ್ ಸೆಂಟರ್‌ಗಳಲ್ಲಿ ಆಗಾಗ ಕೇಳಿಬರುವಂಥದು. ಈ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ನೀಡಿದ ಆದೇಶವನ್ನು ಓದುಗರು ತಿಳಿದಿರಬೇಕು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಮುಕ್ತ ಮಾರುಕಟ್ಟೆಗೆ ಸಿಗದಂತೆ ತಡೆದುದಕ್ಕಾಗಿ 14 ಕಾರು ಕಂಪನಿಗಳ ಮೇಲೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡವನ್ನು ವಿಧಿಸಿದ ಆ ಆದೇಶ, ಸ್ವತಂತ್ರ ಗ್ಯಾರೇಜಿಗೆ ಹೋದ ಮಾತ್ರಕ್ಕೇ ವಾರಂಟಿ ರದ್ದೆಂಬ ಸಾರಾಸಗಟು ಷರತ್ತನ್ನು ವಿಧಿಸಬಾರದೆಂದೂ, ಹೊರಗಿನ ದೋಷಪೂರ್ಣ ಕೆಲಸದಿಂದಲೇ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ವಾರಂಟಿ ನಿರಾಕರಿಸಬಹುದೆಂದೂ ಸೂಚಿಸಿತು. ದಂಡದ ಕುರಿತ ವ್ಯಾಜ್ಯಗಳು ಮೇಲಿನ ನ್ಯಾಯಾಲಯಗಳಿಗೆ ಹೋದವು; ಆದರೆ ಆ ಆದೇಶದ ತರ್ಕ ಕ್ಯಾಬಿನ್ ಫಿಲ್ಟರಿನ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧವಿಲ್ಲದ, ಉಪಕರಣವಿಲ್ಲದೆ ಬದಲಿಸಬಹುದಾದ ಈ ವಸ್ತುವಿನಿಂದ ಕಾರಿನ ಮುಖ್ಯ ಭಾಗಗಳ ವಾರಂಟಿಗೆ ಧಕ್ಕೆಯಾಗುವುದು ಹೇಗೆಂದು ವಿವರಿಸುವ ಹೊಣೆ ಹಾಗೆ ಹೇಳುವವರದೇ. ಅತಿ ಜಾಗರೂಕರು ವಾರಂಟಿ ಮುಗಿಯುವವರೆಗೆ ಜೆನ್ಯೂನ್ ಫಿಲ್ಟರನ್ನೇ ಕೌಂಟರಿನಿಂದ ಕೊಂಡು, ಬಿಲ್ಲನ್ನು ಇಟ್ಟುಕೊಂಡು, ತಾವೇ ಹಾಕಿಕೊಳ್ಳಬಹುದು. ಉಳಿಯುವುದು ಕೂಲಿ ಮಾತ್ರವಾದರೂ ಉಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಎಂಆರ್‌ಪಿಗಿಂತ ಕಡಿಮೆಗೆ ಕೊಡುವ ಅಂಗಡಿಗಳಿದ್ದರೂ, ನಕಲಿ ಮಾಲಿನ ಹಾವಳಿಯೂ ಇರುವುದರಿಂದ ಮುದ್ರಣದ ಸ್ಪಷ್ಟತೆ, ಭಾಗದ ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ಬಿಲ್ಲು ಇವುಗಳನ್ನು ನೋಡದೆ ಕೊಳ್ಳಬಾರದು.

ವೆಚ್ಚವನ್ನು ನಿರ್ಧರಿಸುವಲ್ಲಿ ಬೆಲೆಯಷ್ಟೇ ಪಾತ್ರ ಬದಲಿಸುವ ಅವಧಿಗೂ ಇದೆ. ಹೆಚ್ಚಿನ ಕಂಪನಿಗಳ ಕೈಪಿಡಿಗಳು 10,000ದಿಂದ 20,000 ಕಿಲೋಮೀಟರ್ ಅಥವಾ ಒಂದರಿಂದ ಎರಡು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು ಎಂಬ ಬಗೆಯ ಅವಧಿಯನ್ನು ಹೇಳಿ, ಧೂಳಿನ ಪ್ರದೇಶಗಳಲ್ಲಿ ಇನ್ನೂ ಬೇಗ ಎಂಬ ಸೂಚನೆಯನ್ನು ಸೇರಿಸುತ್ತವೆ. ಈ ಸೂಚನೆ ಕರ್ನಾಟಕದ ಬಹುಭಾಗಕ್ಕೆ ಅನ್ವಯಿಸುತ್ತದೆ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವು ಗಾಳಿಯ ಗುಣಮಟ್ಟದಲ್ಲಿ ಹಿಂದುಳಿದ ನಗರಗಳ ಪಟ್ಟಿಗೆ ಸೇರಿಸಿಕೊಂಡ ರಾಜ್ಯದ ನಾಲ್ಕು ನಗರಗಳೆಂದರೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿ. ಭಾರತದ ಮಾನದಂಡದಲ್ಲಿ ಪಿಎಂ 2.5, ಎಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಅದು 5 ಮಾತ್ರ. ಮಾನದಂಡದೊಳಗೇ ಇರುವ ಊರಿನಲ್ಲಿಯೂ ಫಿಲ್ಟರಿಗೆ ಕೆಲಸ ಸಾಕಷ್ಟಿದೆ ಎಂಬುದನ್ನು ಈ ಎರಡು ಅಂಕಿಗಳ ಅಂತರ ತೋರಿಸುತ್ತದೆ.

ಊರೂರಿನ ಧೂಳು ಒಂದೇ ಬಗೆಯದಲ್ಲ. ಸಂಡೂರು, ಹೊಸಪೇಟೆ, ಬಳ್ಳಾರಿ ಸುತ್ತಿನ ಅದಿರು ಸಾಗುವ ರಸ್ತೆಗಳಲ್ಲಿ ಓಡಾಡುವ ಕಾರಿನ ಫಿಲ್ಟರ್ ಕೆಂಪಾಗಿ ಹೊರಬರುತ್ತದೆ. ಹಳೆ ಮೈಸೂರು ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ಹುರುಳಿ, ರಾಗಿ ಮೆದೆಗಳನ್ನು ಡಾಂಬರು ರಸ್ತೆಗೇ ಹರಡಿ ಒಕ್ಕುವುದರಿಂದ ಏಳುವ ಹೊಟ್ಟು ಮುಂಗಾಜಿನ ಬುಡದ ಜಾಲರಿಗೆ ನೇರವಾಗಿ ಸೇರುತ್ತದೆ. ಬೆಂಗಳೂರಿನಲ್ಲಿ ಅಗೆದು ಬಿಟ್ಟ ರಸ್ತೆಗಳ ಮಣ್ಣು, ಕಟ್ಟಡ ಕಾಮಗಾರಿಯ ಸಿಮೆಂಟ್ ಮತ್ತು ವಾಹನಗಳ ಮಸಿ ಮೂರೂ ಕೂಡುತ್ತವೆ. ಜೊತೆಗೆ ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಜನರ ಮಾತಿನ ಕಾಂಗ್ರೆಸ್ ಹುಲ್ಲು, ಅದರ ಪರಾಗ ಅಲರ್ಜಿಗೆ ಹೆಸರಾದುದು. ಪರಾಗಕಣಗಳು ಸಾಮಾನ್ಯವಾಗಿ 10 ಮೈಕ್ರೋಮೀಟರಿಗಿಂತ ದೊಡ್ಡವಾದ್ದರಿಂದ ಅತಿ ಅಗ್ಗದ ಫಿಲ್ಟರೂ ಅವುಗಳನ್ನು ಹಿಡಿಯುತ್ತದೆ, ಸರಿಯಾಗಿ ಕೂತಿದ್ದರೆ. ಮಲೆನಾಡು ಮತ್ತು ಕರಾವಳಿಯಲ್ಲಿ ಧೂಳು ಕಡಿಮೆ, ತೇವ ಹೆಚ್ಚು; ಅಲ್ಲಿ ಫಿಲ್ಟರ್ ತುಂಬಿ ಕೆಡುವುದಕ್ಕಿಂತ ಮೊದಲು ಬೂಷ್ಟು ಹಿಡಿದು ಕೆಡುತ್ತದೆ. ಹೀಗಾಗಿ ಬಯಲುಸೀಮೆಯವರು ಎಸಿಯ ಬಳಕೆ ಏರುವ ಬೇಸಿಗೆಯ ಮುನ್ನ, ಫೆಬ್ರವರಿ ಅಥವಾ ಮಾರ್ಚಿನಲ್ಲಿಯೂ, ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿಯೂ ಬದಲಿಸುವುದು ಹಣಕ್ಕೆ ಹೆಚ್ಚು ಬಾಳಿಕೆ ತರುವ ಕ್ರಮ. ಬೆಂಗಳೂರಿನ ದಟ್ಟಣೆಯಲ್ಲಿ ದಿನವೂ ಗಂಟೆಗಟ್ಟಲೆ ಕಳೆಯುವ ಕಾರಿಗೆ ಕಿಲೋಮೀಟರಿನ ಲೆಕ್ಕವೇ ಮೋಸ ಮಾಡುತ್ತದೆ, ಏಕೆಂದರೆ ಓಡೋಮೀಟರ್ ನಿಂತಿರುವಾಗಲೂ ಬ್ಲೋವರ್ ಓಡುತ್ತಿರುತ್ತದೆ; ಅಂಥವರು ತಿಂಗಳುಗಳನ್ನೇ ಎಣಿಸಬೇಕು.

600 ರೂಪಾಯಿಯ ಫಿಲ್ಟರ್ 10,000 ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ ಬೀಳುವುದು 6 ಪೈಸೆ. ಅರ್ಧ ಅವಧಿಗೇ ಬದಲಿಸಿದರೆ 12 ಪೈಸೆ. ಲೀಟರಿಗೆ 100 ರೂಪಾಯಿ ಬೆಲೆಯ ಪೆಟ್ರೋಲಿನಲ್ಲಿ 15 ಕಿಲೋಮೀಟರ್ ಓಡುವ ಕಾರಿಗೆ ಇಂಧನದ ವೆಚ್ಚವೇ ಕಿಲೋಮೀಟರಿಗೆ ಸುಮಾರು 6 ರೂಪಾಯಿ 67 ಪೈಸೆ ಇರುವಾಗ, ಫಿಲ್ಟರಿನಲ್ಲಿ ಉಳಿತಾಯ ಹುಡುಕುವುದು ವಿವೇಕವೆನಿಸದು. ಉಳಿತಾಯ ಹುಡುಕಬೇಕಾದುದು ಕೂಲಿಯಲ್ಲಿ, ಟ್ರೀಟ್‌ಮೆಂಟಿನಲ್ಲಿ. ಬದಲಿಸದೆ ಬಿಟ್ಟಾಗಿನ ಖರ್ಚು ಬೇರೆಯದೇ ಪ್ರಮಾಣದ್ದು: ಕಟ್ಟಿಕೊಂಡ ಫಿಲ್ಟರಿನಿಂದ ಗಾಳಿ ಕಡಿಮೆ ಬರುತ್ತದೆ, ಚಾಲಕರು ಫ್ಯಾನಿನ ವೇಗ ಹೆಚ್ಚಿಸುತ್ತಾರೆ, ಮೋಟಾರು ಸದ್ದು ಮಾಡುತ್ತದೆ; ಮೇಲೆ ಹಾಯುವ ಗಾಳಿ ಸಾಲದೆ ಇವ್ಯಾಪರೇಟರ್ ಮಂಜುಗಟ್ಟಿದರೆ ತಂಪು ನಿಂತೇಹೋಗುತ್ತದೆ; ಮಳೆಯಲ್ಲಿ ಗಾಜಿನ ಮೇಲಿನ ಮಬ್ಬು ಬೇಗ ಕರಗುವುದಿಲ್ಲ, ಇದು ಸುರಕ್ಷತೆಗೇ ಸಂಬಂಧಿಸಿದ ಮಾತು. ಎಸಿ ತಂಪು ಕೊಡುತ್ತಿಲ್ಲವೆಂದು ಗ್ಯಾಸ್ ತುಂಬಿಸಲು ಹೋಗುವವರು ಮೊದಲು ಈ ಫಿಲ್ಟರನ್ನು ಹೊರತೆಗೆದು ನೋಡಿದರೆ, ಹಲವು ಸಲ ಅಲ್ಲಿಯೇ ಉತ್ತರ ಸಿಗುತ್ತದೆ. ಬ್ಲೋವರ್ ಮೋಟಾರು ಸುಟ್ಟರೆ ಕೆಲವು ಸಾವಿರ, ಇವ್ಯಾಪರೇಟರ್ ಬದಲಿಸಬೇಕಾದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿಯೂ ಸೇರಿ ಅದರ ಹಲವು ಪಟ್ಟು ಬೀಳುತ್ತದೆ.

ಹಳೆಯ ಫಿಲ್ಟರನ್ನು ತೊಳೆದು ಅಥವಾ ಕಂಪ್ರೆಸರಿನ ಗಾಳಿ ಹೊಡೆದು ಮತ್ತೆ ಹಾಕುವ ಪದ್ಧತಿ ವ್ಯಾಪಕವಾಗಿದೆ. ಎಲೆ, ಕಸ, ಮೇಲ್ಪದರದ ಮಣ್ಣನ್ನು ಕೊಡವಿ ತೆಗೆಯುವುದರಲ್ಲಿ ತಪ್ಪಿಲ್ಲ. ಆದರೆ ನೀರು ಮತ್ತು ಸಾಬೂನು ಎಳೆಗಳ ವಿದ್ಯುದಾವೇಶವನ್ನು ಹಾಳುಗೆಡವುತ್ತವೆ, ಬಲವಾದ ಗಾಳಿ ಎಳೆಗಳ ಹೆಣಿಗೆಯನ್ನೇ ಸಡಿಲಿಸುತ್ತದೆ, ಪೂರ್ತಿ ಒಣಗದ ಮಡಿಕೆಗಳಲ್ಲಿ ಬೂಷ್ಟು ಬೆಳೆಯುತ್ತದೆ. ತೊಳೆದ ಫಿಲ್ಟರ್ ಸ್ವಚ್ಛವಾಗಿ ಕಾಣುತ್ತದೆ, ಗಾಳಿಯನ್ನೂ ಸರಾಗವಾಗಿ ಬಿಡುತ್ತದೆ. ಸೂಕ್ಷ್ಮ ಕಣಗಳನ್ನೂ ಅಷ್ಟೇ ಸರಾಗವಾಗಿ ಬಿಡುತ್ತದೆ.

ಸ್ವತಃ ಬದಲಿಸುವ ಕೆಲಸಕ್ಕೆ ಬಹುತೇಕ ಸಾಮಾನ್ಯ ಕಾರುಗಳಲ್ಲಿ ಸ್ಕ್ರೂಡ್ರೈವರೂ ಬೇಡ. ಚಾಲಕರು ಬಲಗಡೆ ಕೂರುವ ಭಾರತದ ಕಾರುಗಳಲ್ಲಿ ಎಡ ಆಸನದ ಮುಂದಿರುವ ಗ್ಲೋವ್ ಬಾಕ್ಸ್ ಎಂಬ ಖಾನೆಯನ್ನು ಖಾಲಿ ಮಾಡಿ, ಅದರ ಬದಿಯಲ್ಲಿ ಸಣ್ಣ ಕಡ್ಡಿಯಂತಹ ಡ್ಯಾಂಪರ್ ಇದ್ದರೆ ಅದನ್ನು ಬಿಡಿಸಿ, ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿದರೆ ಖಾನೆ ಪೂರ್ತಿ ಕೆಳಕ್ಕೆ ಬಾಗುತ್ತದೆ. ಹಿಂದೆ ಕಾಣುವ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳದ ಕ್ಲಿಪ್‌ಗಳನ್ನು ಒತ್ತಿ ತೆಗೆದಾಗ ಫಿಲ್ಟರ್ ಅಲ್ಲಿ ಅಡ್ಡವಾಗಿಯೋ ಲಂಬವಾಗಿಯೋ ಇರುತ್ತದೆ. ಕೆಲವು ಕಾರುಗಳಲ್ಲಿ ಎರಡು ತುಂಡುಗಳಿದ್ದು, ಮೊದಲನೆಯದನ್ನು ತೆಗೆದ ಮೇಲಷ್ಟೇ ಎರಡನೆಯದು ಕೈಗೆ ಸಿಗುತ್ತದೆ. ಇನ್ನು ಕೆಲವು ಐರೋಪ್ಯ ಕಾರುಗಳಲ್ಲಿ ಅದು ಪಾದದ ಬಳಿ ಅಥವಾ ಬಾನೆಟ್ಟಿನ ಕೆಳಗೆ ಇರುತ್ತದೆ. ಅಗ್ಗದ ಆವೃತ್ತಿಗಳ ಕೆಲವು ಕಾರುಗಳಲ್ಲಿ ಫಿಲ್ಟರಿನ ಜಾಗ ಮಾತ್ರ ಇದ್ದು ಫಿಲ್ಟರೇ ಇರುವುದಿಲ್ಲವೆಂಬುದು ಹಲವು ಮಾಲೀಕರಿಗೆ ವರ್ಷಗಳ ಮೇಲೆ ತಿಳಿಯುವ ಸಂಗತಿ. ಅಂಥ ಕಡೆ ಮುಚ್ಚಳವನ್ನೂ ಫಿಲ್ಟರನ್ನೂ ಸೇರಿಸಿ ಕೊಂಡು ಅಳವಡಿಸಬಹುದು. ಹಳೆಯದನ್ನು ತೆಗೆಯುವಾಗ ಬ್ಲೋವರ್ ಆಫ್ ಆಗಿರಬೇಕು, ಇಲ್ಲವಾದರೆ ಉದುರಿದ ಕಸ ಫ್ಯಾನಿನೊಳಗೆ ಸೇರುತ್ತದೆ.

ತಪ್ಪಾಗುವುದು ಹೆಚ್ಚಾಗಿ ಹೊಸದನ್ನು ಕೂರಿಸುವಾಗ. ಫಿಲ್ಟರಿನ ಅಂಚಿನ ಮೇಲೆ ಗಾಳಿಯ ಹರಿವಿನ ದಿಕ್ಕು ತೋರಿಸುವ ಬಾಣ ಮುದ್ರಿತವಾಗಿರುತ್ತದೆ. ಕೆಲವದರಲ್ಲಿ ಮೇಲ್ಭಾಗ ಯಾವುದೆಂದು ಸೂಚಿಸುವ ಬೇರೆಯೇ ಬಾಣವೂ ಇರುತ್ತದೆ, ಇವೆರಡನ್ನು ಒಂದೆಂದು ಭಾವಿಸಬಾರದು. ಹಳೆಯದು ಯಾವ ದಿಕ್ಕಿಗಿತ್ತೆಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಅನುಕೂಲವೇ ಆದರೂ, ಹಿಂದಿನ ಸಲ ಹಾಕಿದವರೇ ತಿರುಗುಮುರುಗಾಗಿ ಹಾಕಿರುವ ಸಾಧ್ಯತೆ ಇರುವುದರಿಂದ ಕೈಪಿಡಿಯ ಚಿತ್ರವೇ ಅಂತಿಮ. ಚೌಕಟ್ಟು ಎಲ್ಲಿಯೂ ಮಡಚಿಕೊಳ್ಳದೆ, ಬದಿಯಲ್ಲಿ ಸಂದು ಉಳಿಯದೆ ಕೂರಬೇಕು. ಬೆರಳು ತೂರುವಷ್ಟು ಸಂದಿದ್ದರೂ ಗಾಳಿ ಸುಲಭದ ದಾರಿ ಹಿಡಿದು ಸೋಸದೆಯೇ ಒಳಬರುತ್ತದೆ, ಆಗ ಕಾರ್ಬನ್ ಫಿಲ್ಟರಿಗೆ ಕೊಟ್ಟ ಹೆಚ್ಚಿನ ಬೆಲೆ ವ್ಯರ್ಥ. ಚೌಕಟ್ಟಿನ ಮೇಲೆ ದಿನಾಂಕವನ್ನೂ ಓಡೋಮೀಟರಿನ ಅಂಕಿಯನ್ನೂ ಪೆನ್ನಿನಿಂದ ಬರೆದಿಟ್ಟರೆ ಮುಂದಿನ ಸರ್ವಿಸ್‌ನಲ್ಲಿ ವಾದಕ್ಕೆ ಅವಕಾಶವಿರುವುದಿಲ್ಲ. ತೋಟ, ಗೋದಾಮು, ಗಿಡಮರಗಳ ಬಳಿ ನಿಲ್ಲುವ ಕಾರುಗಳಲ್ಲಿ ಇಲಿಗಳು ಫಿಲ್ಟರ್ ಕೂರುವ ಪೆಟ್ಟಿಗೆಯೊಳಗೆ ಗೂಡು ಕಟ್ಟಿ ಫಿಲ್ಟರನ್ನೇ ಕಡಿದು ಹಾಸಿಗೆ ಮಾಡಿಕೊಳ್ಳುವುದುಂಟು. ಹಿಕ್ಕೆ ಅಥವಾ ಮೂತ್ರದ ಗುರುತು ಕಂಡರೆ ಇಲಿ ಜ್ವರದ ಅಪಾಯವನ್ನು ನೆನೆದು ಕೈಗವಸು, ಮಾಸ್ಕ್ ಧರಿಸಿ ತೆಗೆದು, ಪೆಟ್ಟಿಗೆಯನ್ನು ಸೋಂಕುನಿವಾರಕದಿಂದ ಒರೆಸಿದ ಮೇಲೆಯೇ ಹೊಸದನ್ನು ಹಾಕಬೇಕು. ಇವ್ಯಾಪರೇಟರ್ ತೊಳೆಯುವ ಸೇವೆಗೆ ಹಣ ಕೊಡಲು ಇದು ನ್ಯಾಯವಾದ ಸಂದರ್ಭ.

ವಿದ್ಯುತ್ ಕಾರುಗಳಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಎಂಜಿನ್ ಏರ್ ಫಿಲ್ಟರ್ ಯಾವುವೂ ಇರದಿದ್ದರೂ ಕ್ಯಾಬಿನ್ ಫಿಲ್ಟರ್ ಇದ್ದೇ ಇರುತ್ತದೆ. ಅವುಗಳ ನಿಯತ ಸರ್ವಿಸ್‌ನಲ್ಲಿ ಬದಲಾಗುವ ಬೆರಳೆಣಿಕೆಯ ವಸ್ತುಗಳಲ್ಲಿ ಅದೂ ಒಂದಾದ್ದರಿಂದ ಬಿಲ್ಲಿನಲ್ಲಿ ಹೆಚ್ಚು ಎದ್ದುಕಾಣುತ್ತದೆ. 2019ರಲ್ಲಿ ಬಂದ ಕಿಯಾ ಸೆಲ್ಟೋಸ್‌ನ ಕೆಲವು ಆವೃತ್ತಿಗಳಂತೆ ಒಳಗೇ ಪ್ರತ್ಯೇಕ ಏರ್ ಪ್ಯೂರಿಫೈಯರ್ ಇರುವ ಕಾರುಗಳಲ್ಲಿ ಆ ಯಂತ್ರದ ಫಿಲ್ಟರ್ ಬೇರೆ, ಕ್ಯಾಬಿನ್ ಫಿಲ್ಟರ್ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾದಂತಾಗದು, ಬೆಲೆಗಳೂ ಬೇರೆ ಬೇರೆ.

ಹಳೆಯ ಕಾರು ಕೊಳ್ಳುವವರಿಗೂ ಈ ಫಿಲ್ಟರ್ ಖರ್ಚಿಲ್ಲದೆ ಮಾಹಿತಿ ಕೊಡುವಂಥದು. ಮಾರುವವರ ಅನುಮತಿ ಪಡೆದು ಗ್ಲೋವ್ ಬಾಕ್ಸನ್ನು ಬಾಗಿಸಿ ಫಿಲ್ಟರನ್ನು ಹೊರಗೆಳೆಯಲು ಎರಡು ಮೂರು ನಿಮಿಷ ಸಾಕು. ಕಳೆದ ಸರ್ವಿಸ್‌ನಲ್ಲಿ ಹೊಸದು ಹಾಕಲಾಗಿದೆಯೆಂದು ಪುಸ್ತಕದಲ್ಲಿ ಬರೆದಿದ್ದು, ಕೈಗೆ ಬಂದದ್ದು ಮಡಿಕೆಗಳೇ ಕಾಣದಷ್ಟು ಮಣ್ಣು ತುಂಬಿದ ಹಳೆಯ ಫಿಲ್ಟರಾಗಿದ್ದರೆ, ಅದೇ ಪುಟದಲ್ಲಿರುವ ಬ್ರೇಕ್ ದ್ರವ, ಕೂಲಂಟ್ ಮತ್ತು ಗೇರ್ ಆಯಿಲಿನ ನಮೂದುಗಳನ್ನು ನಂಬುವ ಮೊದಲು ಬೇರೊಬ್ಬ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಬೇಕಾಗುತ್ತದೆ.